ಟೈರು ದೊಡ್ಡದಾಯಿತು, ಆಕ್ಸಲ್ ಹಾಗೇ ಉಳಿಯಿತು

ನಿಜಲಿಂಗಪ್ಪ ಬಡಾವಣೆಯ ನಮ್ಮ ರಸ್ತೆಯೊಂದರಲ್ಲೇ ಈಗ ಮೂರು ಥಾರ್, ಒಂದು ಜಿಮ್ನಿ ನಿಲ್ಲುತ್ತವೆ. 2020ರ ಅಕ್ಟೋಬರ್‌ನಲ್ಲಿ ಹೊಸ ಥಾರ್ ಬಂತು, 2023ರಲ್ಲಿ ಜಿಮ್ನಿ, 2024ರಲ್ಲಿ ಐದು ಬಾಗಿಲಿನ ಗೂರ್ಖಾ ಮತ್ತು ಥಾರ್ ರಾಕ್ಸ್. ಒಂದು ಕಾಲಕ್ಕೆ ಕಾಫಿ ತೋಟದವರು, ಅರಣ್ಯ ಇಲಾಖೆಯವರು ಮತ್ತು ಮಿಲಿಟರಿ ಹರಾಜಿನ ಜೀಪು ಹುಡುಕಿ ತರುವ ಹುಚ್ಚಿನವರು ಮಾತ್ರ ಇಟ್ಟುಕೊಳ್ಳುತ್ತಿದ್ದ ಫೋರ್ ವೀಲ್ ಡ್ರೈವ್ ಗಾಡಿ ಇವತ್ತು ಮದುವೆ ಮೆರವಣಿಗೆಯಲ್ಲೂ ಕಾಣುತ್ತದೆ. ಅವುಗಳಲ್ಲಿ ಎಷ್ಟರ ಲೋ ರೇಂಜ್ ಲಿವರ್ ಒಮ್ಮೆಯಾದರೂ ಅಲುಗಿದೆಯೋ ದೇವರೇ ಬಲ್ಲ. ಗುಂಡಿ ಬಿದ್ದ ರಿಂಗ್ ರಸ್ತೆಗೆ ಅದು ಬೇಕಾಗುವುದಿಲ್ಲ.

ಆದರೆ ಅದನ್ನು ನಿಜವಾಗಿ ಬಳಸುವವರೂ ಹೆಚ್ಚುತ್ತಿದ್ದಾರೆ. ರಜೆ ಬಂದರೆ ಸಕಲೇಶಪುರ, ಚಿಕ್ಕಮಗಳೂರು, ಕೊಡಗು. ಗಾಡಿ ಕೊಂಡ ತಿಂಗಳಲ್ಲೇ ಕೆಲಸ ಶುರುವಾಗುತ್ತದೆ: ಮೊದಲು ದೊಡ್ಡ ಟೈರು, ಆಮೇಲೆ ಎತ್ತರ ಹೆಚ್ಚಿಸುವ ಸ್ಪ್ರಿಂಗು, ಆಮೇಲೆ ಮುಂದೊಂದು ದಪ್ಪ ಬಂಪರ್, ದುಡ್ಡು ಉಳಿದಿದ್ದರೆ ಡಿಫರೆನ್ಷಿಯಲ್ ಲಾಕರ್. ಕಣ್ಣಿಗೆ ಕಾಣುವುದಕ್ಕೆಲ್ಲ ದುಡ್ಡು ಬಿತ್ತು. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಶಾಫ್ಟು, ಜಾಯಿಂಟು, ಕ್ರೌನ್ ಪಿನಿಯನ್ನುಗಳ ಕಡೆ ಯಾರೂ ನೋಡುವುದಿಲ್ಲ, ಅವು ಗಾಡಿಯ ಹೊಟ್ಟೆಯ ಕೆಳಗಿವೆ. ಅವು ಒಂದು ದಿನ ಕಾಡಿನ ನಡುವೆ, ಜಾರುವ ಏರಿನಲ್ಲಿ, ಠಣ್ ಎಂದು ಸದ್ದು ಮಾಡಿ ತಮ್ಮ ಇರವನ್ನು ತಿಳಿಸುತ್ತವೆ. ಮೆಕ್ಯಾನಿಕಲ್ ಓದುತ್ತಿರುವ ನನ್ನ ಮಟ್ಟಿಗೆ ಇದು ಬರೀ ಹವ್ಯಾಸದವರ ಸಮಸ್ಯೆಯಲ್ಲ. ಇದರಲ್ಲಿ ಪ್ರವಾಸಿಗರ ಜೀವ ಇದೆ, ಒಂದು ಕಾನೂನಿನ ಗೊಂದಲ ಇದೆ, ನಮ್ಮಂಥವರಿಗೆ ಸಿಗಬಹುದಾದ ಕೆಲಸವೂ ಇದೆ.

ಮೊದಲು ಲೆಕ್ಕ. ಹೆದರಬೇಡಿ, ಗುಣಾಕಾರ ಬಂದರೆ ಸಾಕು.

ಒಂದು ಸಾಧಾರಣ ಗಾಡಿಯ ಎಂಜಿನ್ 130 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ ಎಂದುಕೊಳ್ಳಿ. ಫಸ್ಟ್ ಗೇರಿನಲ್ಲಿ ಅದು 4 ಪಟ್ಟು ಹೆಚ್ಚುತ್ತದೆ, ಟ್ರಾನ್ಸ್‌ಫರ್ ಕೇಸಿನ ಲೋ ರೇಂಜಿನಲ್ಲಿ ಮತ್ತೆ 2 ಪಟ್ಟು, ಕ್ರೌನ್ ಪಿನಿಯನ್ನಿನಲ್ಲಿ ಇನ್ನೊಮ್ಮೆ 4 ಪಟ್ಟು. ಒಟ್ಟು 32 ಪಟ್ಟು. ಘರ್ಷಣೆಯಲ್ಲಿ ಹೋಗುವುದನ್ನು ಬಿಟ್ಟರೆ ಚಕ್ರಗಳ ಕಡೆಗೆ ಹೊರಟ ಬಲ 4,160 ನ್ಯೂಟನ್ ಮೀಟರ್. ನಾಲ್ಕು ಚಕ್ರ ಸಮನಾಗಿ ಹಂಚಿಕೊಂಡರೆ ತಲಾ 1,040.

ಈಗ ನೆಲದ ಕಡೆಯಿಂದ ನೋಡಿ. ಜನ ಕೂತ ಗಾಡಿಯ ತೂಕ 1,500 ಕಿಲೋ ಆದರೆ ಒಂದು ಚಕ್ರದ ಮೇಲೆ ಸುಮಾರು 375 ಕಿಲೋ. ಗಟ್ಟಿ ಮಣ್ಣಿನ ಹಿಡಿತವನ್ನು 0.7, ಟೈರಿನ ತ್ರಿಜ್ಯವನ್ನು 35 ಸೆಂಟಿಮೀಟರ್ ಎಂದು ಹಿಡಿದರೆ, ಚಕ್ರ ಸುಮಾರು 900 ನ್ಯೂಟನ್ ಮೀಟರ್‌ಗೆ ಜಾರಲು ಶುರು ಮಾಡುತ್ತದೆ. ಅಂದರೆ ಶಾಫ್ಟಿನ ಮೇಲೆ ಅದಕ್ಕಿಂತ ಹೆಚ್ಚು ಒತ್ತಡ ಬೀಳುವ ಮೊದಲೇ ಟೈರು ತಿರುಗಿ ಕೆಸರು ಹಾರಿಸುತ್ತದೆ. ನಾವು ಶಪಿಸುವ ಆ ಜಾರುವಿಕೆಯೇ ಆಕ್ಸಲನ್ನು ಕಾಯುವ ಫ್ಯೂಸು.

ಕಂಪನಿಯಿಂದ ಬರುವ ಸಾಮಾನ್ಯ ಡಿಫರೆನ್ಷಿಯಲ್ಲಿನಲ್ಲಿ ಇನ್ನೂ ಒಂದು ಫ್ಯೂಸಿದೆ. ಅದು ಎಡಕ್ಕೂ ಬಲಕ್ಕೂ ಒಂದೇ ಅಳತೆಯ ಬಲ ಕೊಡುತ್ತದೆ, ಅದೂ ಜಾರುತ್ತಿರುವ ಚಕ್ರಕ್ಕೆ ಬೇಕಾದಷ್ಟು ಮಾತ್ರ. ಒಂದು ಚಕ್ರ ಗಾಳಿಯಲ್ಲಿದ್ದರೆ ಇನ್ನೊಂದು ನೆಲದಲ್ಲಿದ್ದರೂ ಗಾಡಿ ಅಲುಗದಿರುವುದು ಇದಕ್ಕೇ. ಲಾಕರ್ ಹಾಕಿದಿರೋ, ಎರಡೂ ಕಡೆಯ ಶಾಫ್ಟು ಒಂದೇ ಕಂಬಿಯಂತಾಗುತ್ತವೆ. ಎಡಗಾಲು ಗಾಳಿಯಲ್ಲಿ, ಬಲಗಾಲು ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿದೆ ಎಂದುಕೊಳ್ಳಿ: ಹಿಂದಿನ ಆಕ್ಸಲ್‌ಗೆ ಬಂದ 2,080 ನ್ಯೂಟನ್ ಮೀಟರ್ ಪೂರ್ತಿ ಬಲಗಡೆಯ ಒಂದೇ ಶಾಫ್ಟಿನ ಮೇಲೆ. ಚಾಲಕ ಸಿಟ್ಟಿನಿಂದ ಆಕ್ಸಿಲರೇಟರ್ ಒತ್ತಿ ಕ್ಲಚ್ ಪಟ್ಟನೆ ಬಿಟ್ಟರೆ ಆ ಹೊಡೆತ ಇನ್ನೂ ಹೆಚ್ಚು. ಮೇಲಿಂದ ಟೈರಿನ ತ್ರಿಜ್ಯ 35ರಿಂದ 40 ಸೆಂಟಿಮೀಟರ್ ಆಗಿದ್ದರೆ, ಅದೇ ನೆಲದಲ್ಲಿ ಜಾರುವ ಮೊದಲು ಶಾಫ್ಟು ತಡೆಯಬೇಕಾದ ಬಲ ಶೇ 14ರಷ್ಟು ಏರುತ್ತದೆ. ಟೈರು, ಲಾಕರು ಎರಡನ್ನೂ ಹಾಕಿ ಶಾಫ್ಟನ್ನು ಹಾಗೇ ಬಿಡುವುದು, ಮನೆಯ ಫ್ಯೂಸು ತೆಗೆದು ದಪ್ಪ ತಂತಿ ಸಿಕ್ಕಿಸಿ, ಗೋಡೆಯೊಳಗಿನ ವೈರಿಂಗ್ ಬದಲಿಸದೆ ಇದ್ದಂತೆ.

ಹಾಗಾದರೆ ಬಲಪಡಿಸುವುದು ಹೇಗೆ? ತಿರುಚುವ ಕಂಬಿಯ ಸೂತ್ರವನ್ನು ನಾವೆಲ್ಲ ಮೂರನೇ ಸೆಮಿಸ್ಟರ್ ಹೊತ್ತಿಗೆ ಬಾಯಿಪಾಠ ಮಾಡಿರುತ್ತೇವೆ. ಅದರಲ್ಲಿ ವ್ಯಾಸಕ್ಕೆ ಘನ ಇದೆ ಎನ್ನುವುದನ್ನು ಮಾತ್ರ ಪರೀಕ್ಷೆ ಮುಗಿದ ಮೇಲೆ ಮರೆಯುತ್ತೇವೆ. 30 ಮಿಲಿಮೀಟರ್ ಶಾಫ್ಟಿನ ಮೇಲೆ ಆ 2,080 ಬಿದ್ದರೆ ಹೊರಮೈಯಲ್ಲಿ ಹುಟ್ಟುವ ಒತ್ತಡ ಸುಮಾರು 390 ಮೆಗಾಪಾಸ್ಕಲ್. ಲೇತ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಇಎನ್ 8 ಉಕ್ಕು ಶಾಖೋಪಚಾರ ಇಲ್ಲದೆ ಇದನ್ನು ತಡೆಯುವುದಿಲ್ಲ. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಮ್ ಇರುವ ಇಎನ್ 24 ಉಕ್ಕನ್ನು ಸರಿಯಾಗಿ ಹದ ಮಾಡಿದರೂ ಅಂಚಿನಲ್ಲಿ ನಿಲ್ಲುತ್ತದೆ. ವ್ಯಾಸವನ್ನು 33 ಮಿಲಿಮೀಟರ್ ಮಾಡಿ, ಅಂದರೆ ಮೂರೇ ಮಿಲಿಮೀಟರ್ ಜಾಸ್ತಿ. ಒತ್ತಡ 295ಕ್ಕೆ ಇಳಿಯುತ್ತದೆ.

ಆದರೆ ದಪ್ಪ ಮಾಡಲು ಹೌಸಿಂಗಿನೊಳಗೆ, ಬೇರಿಂಗಿನೊಳಗೆ ಜಾಗ ಬೇಕು. ಜಾಗ ಇಲ್ಲದಾಗ ಉಳಿಯುವುದು ಲೋಹದ ಹದ. ಇಂಡಕ್ಷನ್ ವಿಧಾನದಲ್ಲಿ ಹೊರಮೈಯನ್ನು ಮಾತ್ರ ಗಟ್ಟಿ ಮಾಡಿ ಒಳಗಿನ ತಿರುಳನ್ನು ಮೆದುವಾಗಿ ಬಿಡುವುದು ಆಕ್ಸಲ್ ತಯಾರಿಸುವವರ ಹಳೆಯ ಜಾಣತನ. ತಿರುಚುವಾಗ ಹೆಚ್ಚು ಒತ್ತಡ ಬೀಳುವುದು ಹೊರಮೈಗೆ, ಹೊಡೆತ ನುಂಗಿಕೊಳ್ಳಬೇಕಾದ್ದು ತಿರುಳು. ಇನ್ನೊಂದು ಜಾಣತನ ಕೇಳಿದರೆ ಮೊದಲಿಗೆ ತಲೆಕೆಳಗು ಅನ್ನಿಸುತ್ತದೆ: ಶಾಫ್ಟಿನ ನಡುಭಾಗವನ್ನು ತುದಿಯ ಸ್ಪ್ಲೈನ್ ಹಲ್ಲುಗಳ ಬುಡದಷ್ಟಕ್ಕೆ ಸಣ್ಣ ಮಾಡುವುದು. ನಡು ದಪ್ಪವಾಗಿದ್ದರೆ ತಿರುಚೆಲ್ಲ ಸ್ಪ್ಲೈನ್ ಶುರುವಾಗುವ ಒಂದೇ ಗೆರೆಯಲ್ಲಿ ಸೇರಿಕೊಂಡು ಅಲ್ಲೇ ಬಿರುಕು ಹುಟ್ಟುತ್ತದೆ. ಸಣ್ಣ ಮಾಡಿದರೆ ಇಡೀ ಉದ್ದ ಸ್ವಲ್ಪ ಸ್ವಲ್ಪ ತಿರುಚಿಕೊಂಡು ಹೊಡೆತವನ್ನು ಹಂಚಿಕೊಳ್ಳುತ್ತದೆ. ಹಾಗಾಗಿ ದಪ್ಪ ಕಂಡದ್ದೆಲ್ಲ ಗಟ್ಟಿಯಲ್ಲ. ಇದನ್ನು ಕೆಲವು ಬಿಡಿಭಾಗದ ಅಂಗಡಿಯವರಿಗೆ ಹೇಳಿ ಒಪ್ಪಿಸುವುದು ವೈವಾ ಪಾಸಾಗುವುದಕ್ಕಿಂತ ಕಷ್ಟ.

ಇಷ್ಟಾದ ಮೇಲೂ ಕಥೆ ಮುಗಿಯುವುದಿಲ್ಲ. ಶಾಫ್ಟು ಗಟ್ಟಿಯಾದರೆ ಮುಂದಿನ ಸರದಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ದೋ, ಪಿನಿಯನ್ ಹಲ್ಲಿನದೋ ಆಗುತ್ತದೆ. ಸರಪಳಿಯಲ್ಲಿ ಯಾವುದೋ ಒಂದು ಕೊಂಡಿ ಸೋಲಲೇಬೇಕು. ಯಾವುದು ಸೋಲಬೇಕು ಎಂದು ಮೊದಲೇ ತೀರ್ಮಾನಿಸುವುದೇ ವಿನ್ಯಾಸ. ನನ್ನನ್ನು ಕೇಳಿದರೆ ಅದು ಕ್ರಾಸ್ ಆಗಿರಲಿ: ಅಗ್ಗ, ಗಾಡಿಯ ಕೆಳಗೆ ಮಲಗಿ ಬದಲಿಸಬಹುದು, ಒಂದು ಬಿಡಿ ಕ್ರಾಸ್ ಸೀಟಿನಡಿ ಇಡಬಹುದು. ಕ್ರೌನ್ ಪಿನಿಯನ್ ಹಾಗಲ್ಲ. ಅದನ್ನು ಕೂರಿಸಲು ಹಲ್ಲಿಗೆ ಬಣ್ಣ ಹಚ್ಚಿ, ತಿರುಗಿಸಿ, ಗುರುತು ಎಲ್ಲಿ ಬಿತ್ತೆಂದು ನೋಡಿ, ತೆಳು ಶಿಮ್ ಸೇರಿಸುತ್ತ ತೆಗೆಯುತ್ತ ಅರ್ಧ ದಿನ ಕಳೆಯುವ ಹಳೆಯ ಮೇಸ್ತ್ರಿಯೇ ಬೇಕು. ಗಾಡಿ ಎತ್ತರಿಸಿದವರು ಇನ್ನೊಂದನ್ನೂ ನೋಡಬೇಕು. ಎತ್ತರ ಹೆಚ್ಚಾದಂತೆ ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚುತ್ತದೆ, ಓರೆ ಹೆಚ್ಚಾದಷ್ಟು ಕ್ರಾಸ್ ಒಂದೇ ಸುತ್ತಿನಲ್ಲಿ ವೇಗ ನಿಧಾನ ಎಂದು ಎರಡೆರಡು ಸಲ ಏರಿಳಿಯುತ್ತದೆ. ಹೆದ್ದಾರಿಯಲ್ಲಿ ಗಾಡಿ ಗಡಗಡ ನಡುಗಿದರೆ ಟೈರ್ ಬ್ಯಾಲೆನ್ಸಿಂಗ್‌ಗೆ ದುಡ್ಡು ಸುರಿಯುವ ಮುಂಚೆ ಆ ಕೋನವನ್ನು ಅಳೆಯಿರಿ.

ಇದು ಹವ್ಯಾಸದವರ ಮಾತಾಯಿತು. ನನಗೆ ಹೆಚ್ಚು ಚಿಂತೆಯಾಗುವುದು ಬಾಡಿಗೆ ಜೀಪುಗಳದ್ದು.

ನಮ್ಮ ಜಿಲ್ಲೆಯಿಂದ ಹತ್ತಿರದ ಉದಾಹರಣೆ ಹೊಸನಗರ ತಾಲ್ಲೂಕಿನ ಕೊಡಚಾದ್ರಿ. 1,343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಕಟ್ಟಿನಹೊಳೆ ಕಡೆಯಿಂದ ಹತ್ತುವ ದಾರಿಯನ್ನು ರಸ್ತೆ ಎನ್ನುವುದಕ್ಕೆ ಧೈರ್ಯ ಬೇಕು. ಮಳೆ ನೀರು ಕೊರೆದ ಕಾಲುವೆ, ಅದರಲ್ಲಿ ಕಲ್ಲು. ಅಲ್ಲಿ ದಿನವೂ ಜೀಪುಗಳು ಪ್ರವಾಸಿಗರನ್ನು ತುಂಬಿಕೊಂಡು ಏರಿ ಇಳಿಯುತ್ತವೆ. ಮಡಿಕೇರಿ ಬಳಿಯ ಮಾಂದಲಪಟ್ಟಿಯಲ್ಲೂ ಇದೇ ನೋಟ. ಮಳೆ ಜೋರಾದಾಗ ಸಂಚಾರಕ್ಕೆ ನಿರ್ಬಂಧ ಬೀಳುವುದು, ಮಳೆ ನಿಂತಾಗ ತೆರವಾಗುವುದು ನಮಗೆ ಓದಿ ರೂಢಿಯಾಗಿದೆ. ಆ ಚಾಲಕರ ಕೈಚಳಕವನ್ನು ನಾನು ಪ್ರಶ್ನಿಸುವುದಿಲ್ಲ. ಕ್ಲಚ್ಚನ್ನು ಹೇಗೆ ಮೆಲ್ಲಗೆ ಬಿಡಬೇಕು, ಡಾಂಬರು ಸಿಕ್ಕ ಕೂಡಲೇ ಯಾಕೆ ಟೂ ವೀಲ್‌ಗೆ ಬರಬೇಕು ಎನ್ನುವುದು ಅವರಿಗೆ ಗೊತ್ತು. (ಹಿಡಿತವಿರುವ ರಸ್ತೆಯ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಮುಂದೆ ಹಿಂದೆ ಎರಡನ್ನೂ ಒಂದಕ್ಕೊಂದು ಬಿಗಿದುಬಿಟ್ಟರೆ ಆ ವ್ಯತ್ಯಾಸವೆಲ್ಲ ಶಾಫ್ಟುಗಳಲ್ಲಿ ತಿರುಚಾಗಿ ಕೂತುಕೊಳ್ಳುತ್ತದೆ. ಥಾರ್ ಕೊಂಡ ಎಷ್ಟೋ ಗೆಳೆಯರಿಗೆ ಇದು ಗೊತ್ತಿಲ್ಲ.)

ಚಿಂತೆ ಇರುವುದು ಲೋಹದ ದಣಿವಿನ ಬಗ್ಗೆ. ಒಂದೇ ಹೊಡೆತಕ್ಕೆ ಮುರಿಯದ ಶಾಫ್ಟು, ಅದಕ್ಕಿಂತ ಕಡಿಮೆ ಹೊಡೆತ ಸಾವಿರಾರು ಸಲ ಬಿದ್ದಾಗ ಸದ್ದಿಲ್ಲದೆ ಬಿರುಕು ಬಿಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಮುರಿದ ಮೇಲೆ ತುಂಡಿನ ಮುಖ ನೋಡಿದರೆ ಕೆರೆಯ ದಡದಲ್ಲಿ ನೀರಿಳಿದ ಗೆರೆಗಳಂತೆ ಒಂದರ ಪಕ್ಕ ಒಂದು ಕಮಾನು ಕಾಣುತ್ತವೆ, ಬಿರುಕು ತಿಂಗಳುಗಟ್ಟಲೆ ಮುಂದುವರಿದ ಲೆಕ್ಕ ಅದು. ಇನ್ನು ಹೆಚ್ಚಿನ ಪ್ರವಾಸಿ ಗಾಡಿಗಳಲ್ಲಿರುವ ಸೆಮಿ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಶಾಫ್ಟು ಬಲ ಒಯ್ಯುವುದರ ಜೊತೆಗೆ ಗಾಡಿಯ ಭಾರವನ್ನೂ ಹೊರುತ್ತದೆ. ಬೇರಿಂಗಿನ ಹೊರಗೆ ತುಂಡಾದರೆ ಚಕ್ರವೇ ಕಳಚಿ ಹೋಗಬಹುದು. ಲಾರಿಗಳಲ್ಲಿರುವ ಫುಲ್ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಭಾರ ಹೊರುವುದು ಹಬ್ಬು, ಶಾಫ್ಟು ಮುರಿದರೂ ಚಕ್ರ ಜಾಗದಲ್ಲೇ ಇರುತ್ತದೆ. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಇನ್ನೊಂದು ಅಪಾಯ. ಅವುಗಳ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಟೂ ವೀಲ್‌ನಲ್ಲಿರುವಾಗ ಏರಿನಲ್ಲಿ ಹಿಂದಿನ ಒಂದು ಶಾಫ್ಟು ತುಂಡಾಯಿತೆನ್ನಿ. ಎಂಜಿನ್ ಎಳೆಯುವುದಿಲ್ಲ, ಗೇರಿನಲ್ಲಿ ನಿಲ್ಲುವುದಿಲ್ಲ, ಹ್ಯಾಂಡ್‌ಬ್ರೇಕ್ ಎಳೆದರೂ ಡಿಫರೆನ್ಷಿಯಲ್ ಮೂಲಕ ಎಲ್ಲ ಸುಮ್ಮನೆ ತಿರುಗುತ್ತದೆ. ಉಳಿಯುವುದು ಕಾಲಿನ ಬ್ರೇಕ್ ಒಂದೇ. ಹಿಂದೆ ಎಂಟು ಜನ ಕೂತಿದ್ದಾರೆ.

ಮುರಿದ ಶಾಫ್ಟಿಗೆ ವೆಲ್ಡಿಂಗ್ ಹಾಕಿ ಮತ್ತೆ ಏರಿಸುವುದು ನಮ್ಮಲ್ಲಿ ಅಪರೂಪವಲ್ಲ. ಹದ ಮಾಡಿದ ಉಕ್ಕಿಗೆ ಹಾಗೆ ಬೆಂಕಿ ತೋರಿಸಿದರೆ ಬೆಸುಗೆಯ ಪಕ್ಕದ ಪಟ್ಟಿ ಗಾಜಿನಂತೆ ಪೆಡಸಾಗುತ್ತದೆ, ಅದರಾಚೆ ಹದವೇ ಕಳೆದುಹೋಗುತ್ತದೆ. ಜೀವ ಹೊತ್ತ ಗಾಡಿಗೆ ಇದು ಬೇಡವೇ ಬೇಡ.

ಹಾಗಾದರೆ ಒಳ್ಳೆಯ ಶಾಫ್ಟು ಹಾಕಲಿ ಎನ್ನುತ್ತೀರಿ. ಇಲ್ಲಿ ಕಾನೂನು ಬರುತ್ತದೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್, ತಯಾರಕರು ನೀಡಿದ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದರ ಬುನಾದಿ. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯಾಗಿ 182ಎ ಕಲಮು ಸೇರಿತು: ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ರೀಲ್ಸ್ ನೋಡಿ ಗಾಡಿ ಕೊಯ್ಯುವವರು ಇದನ್ನು ಓದಬೇಕು.

ಆದರೆ ಕಾಯ್ದೆಯನ್ನು ಪೂರ್ತಿ ಓದಿದರೆ ಎರಡು ಸಂಗತಿ ಕಾಣುತ್ತವೆ. ಒಂದು, ‘ಮಾರ್ಪಾಡು’ ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆ ಎಂದು ಕಲಮೇ ವಿವರಿಸುತ್ತದೆ. ಅದೇ ಅಳತೆಯ, ಅದೇ ಜಾಗಕ್ಕೆ ಕೂರುವ, ಉತ್ತಮ ಉಕ್ಕಿನ ಶಾಫ್ಟು ಹಾಕುವುದು ನನ್ನ ಓದಿನ ಪ್ರಕಾರ ಇದರಡಿ ಬರುವುದಿಲ್ಲ; ದೊಡ್ಡ ಟೈರು, ಎತ್ತರದ ಸ್ಪ್ರಿಂಗುಗಳ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ಎರಡು, ಮಾರ್ಪಾಡಿಗೆ ಮಾನದಂಡ, ಅನುಮೋದನೆಯ ಷರತ್ತುಗಳನ್ನು ಕೇಂದ್ರ ಸರ್ಕಾರ ರೂಪಿಸಬಹುದು, ಅಂಥ ಸಂದರ್ಭದಲ್ಲಿ ಕಂಪನಿ ವಾರಂಟಿ ರದ್ದಾಗುವುದಿಲ್ಲ ಎಂದು 2019ರ ತಿದ್ದುಪಡಿ ಹೇಳುತ್ತದೆ. ಬಾಗಿಲು ಇದೆ ಎಂದಾಯಿತು. ಸಿಎನ್‌ಜಿ ಕಿಟ್ಟಿಗೆ ಅಂಥ ಬಾಗಿಲು ತೆರೆದು ವರ್ಷಗಳಾದವು. ಆಕ್ಸಲ್ಲು, ಲಾಕರಿನಂಥ ಭಾಗಗಳನ್ನೂ ಅದೇ ರೀತಿ ಪರೀಕ್ಷಿಸಿ ಮುದ್ರೆ ಒತ್ತಿ ಕೊಡುವ ವ್ಯವಸ್ಥೆ ಬಂದರೆ, ಒಳ್ಳೆಯದನ್ನು ಹಾಕಿಸಿದವನೂ ಕೆಟ್ಟದ್ದನ್ನು ಹಾಕಿಸಿದವನೂ ಒಂದೇ ತರಹ ಹೆದರಿಕೊಂಡು ಓಡಾಡುವುದು ತಪ್ಪುತ್ತದೆ. ಈಗಿನ ಹೆದರಿಕೆಯಲ್ಲಿ ಲಾಭವಾಗುತ್ತಿರುವುದು ಬಿಲ್ಲಿಲ್ಲದೆ, ಯಾವ ಉಕ್ಕೆಂದು ಹೇಳದೆ ಮಾರುವವರಿಗೆ.

ಇನ್ನು ಕೆಲಸದ ಮಾತು. ಮೆಕ್ಯಾನಿಕಲ್ ತಗೊಂಡೆ ಎಂದರೆ ನೆಂಟರು ಸಂತಾಪ ಸೂಚಿಸುವ ಕಾಲ ಇದು. ಆದರೆ ಆಕ್ಸಲ್ ಎನ್ನುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 1981ರಲ್ಲಿ ಶುರುವಾದ ಆಟೊಮೋಟಿವ್ ಆಕ್ಸಲ್ಸ್ ಕಂಪನಿ ಮೈಸೂರಿನಲ್ಲಿ ಭಾರೀ ವಾಹನಗಳ ಆಕ್ಸಲ್ ಮಾಡುತ್ತದೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್ ಗೇರ್‌ಬಾಕ್ಸು, ಆಕ್ಸಲ್ಲುಗಳಿಂದ ಶುರುಮಾಡಿ ಈಗ ಹೈಬ್ರಿಡ್ ಗಾಡಿಗಳ ಭಾಗಗಳಿಗೆ ಹೊರಳಿದೆ. ವಿದ್ಯುತ್ ಗಾಡಿ ಬಂದರೆ ಡ್ರೈವ್‌ಟ್ರೇನ್ ಹೋಗುತ್ತದೆ ಎನ್ನುವವರಿಗೆ ಒಂದು ಮಾತು: ಮೋಟಾರು ಸೊನ್ನೆ ವೇಗದಲ್ಲೇ ಪೂರ್ತಿ ತಿರುಚುಬಲ ಕೊಡುತ್ತದೆ. ಕ್ಲಚ್ ಹೋಗಬಹುದು, ಶಾಫ್ಟು ಮತ್ತು ಗೇರಿನ ಮೇಲಿನ ಹೊರೆ ಹೋಗುವುದಿಲ್ಲ.

ನಮ್ಮೂರಿನ ಬಗ್ಗೆ ಹೇಳಬೇಕೆಂದರೆ, 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ಮೂಲೆ ಮೂಲೆಗೆ ಹೋದವು. ಕಾರ್ಖಾನೆ ಮುಚ್ಚಿ ಎರಡು ದಶಕವಾಯಿತು, ಅಲ್ಲಿ ಪಳಗಿದ ಕೈಗಳಲ್ಲಿ ಕೆಲವು ಇನ್ನೂ ದಾವಣಗೆರೆ ಹರಿಹರದ ಸಣ್ಣ ವರ್ಕ್‌ಶಾಪುಗಳಲ್ಲಿವೆ. ಹರಿಹರದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇದೆ, ನಗರದಲ್ಲಿ 1951ರ ಯುಬಿಡಿಟಿ ಕಾಲೇಜಿನಿಂದ ಹಿಡಿದು ಎಂಜಿನಿಯರಿಂಗ್ ಕಾಲೇಜುಗಳ ಸಾಲೇ ಇದೆ. ಬೇಡಿಕೆಯೂ ದೂರದ್ದಲ್ಲ. ಭದ್ರಾ ನಾಲೆಯ ಗದ್ದೆಗಳಲ್ಲಿ ಕೇಜ್ ವೀಲ್ ಕಟ್ಟಿಕೊಂಡು ಮೊಣಕಾಲುದ್ದದ ಕೆಸರು ಕಲಸುವ ಟ್ರ್ಯಾಕ್ಟರುಗಳಿಗಿಂತ ದೊಡ್ಡ ಆಫ್‌ರೋಡ್ ಪರೀಕ್ಷೆ ಯಾವುದಿದೆ? ಕೇಜ್ ವೀಲ್ ಡಾಂಬರು ರಸ್ತೆಯನ್ನು ಹಾಳುಮಾಡುತ್ತದೆ ಎಂದು ನಾವು ಬೈಯುತ್ತೇವೆ, ಅದು ಆಕ್ಸಲ್‌ಗೆ ಏನು ಮಾಡುತ್ತದೆ ಎಂದು ಅಳೆದವರು ಕಡಿಮೆ.

ವಿದ್ಯಾರ್ಥಿಗಳಿಗೆ ಇದನ್ನು ಕಲಿಯಲು ಇರುವ ಒಳ್ಳೆಯ ಮೈದಾನ ಬಾಜಾ ಎಸ್‌ಎಇ ಇಂಡಿಯಾ ಸ್ಪರ್ಧೆ. 2007ರಿಂದ ನಡೆಯುತ್ತಿದೆ. ತಂಡವೇ ವಿನ್ಯಾಸ ಮಾಡಿ ಕಟ್ಟಿದ ಗಾಡಿ ನಾಲ್ಕು ಗಂಟೆಯ ಸಹಿಷ್ಣುತಾ ಓಟ ಮುಗಿಸಬೇಕು. ಎಂಜಿನ್ ಬರೀ 10 ಅಶ್ವಶಕ್ತಿ, ಆದರೂ ಶಾಫ್ಟು, ಜಾಯಿಂಟುಗಳು ಕೈಕೊಟ್ಟು ಅರ್ಧಕ್ಕೆ ನಿಲ್ಲುವ ಗಾಡಿಗಳು ಪ್ರತಿ ವರ್ಷ ಇರುತ್ತವೆ. ಅಮೆರಿಕದ ಮೂಲ ಬಾಜಾದಲ್ಲಿ ಈಗ ನಾಲ್ಕೂ ಚಕ್ರಕ್ಕೆ ಚಾಲನೆ ಕಡ್ಡಾಯ. ಸಣ್ಣ ಊರಿನ ತಂಡಗಳಿಗೆ ಕಷ್ಟ ಇರುವುದು ಬುದ್ಧಿಯಲ್ಲಲ್ಲ, ಹಣ ಮತ್ತು ಪರೀಕ್ಷೆಯ ಸೌಲಭ್ಯದಲ್ಲಿ. ವಾಹನ ಪರೀಕ್ಷೆಯ ದೊಡ್ಡ ಸಂಸ್ಥೆಗಳು ಪುಣೆ, ಮಾನೇಸರ್, ಪೀತಾಂಪುರದಂಥ ಊರುಗಳಲ್ಲಿವೆ.

ಆದರೆ ಶುರು ಮಾಡಲು ಪುಣೆಯೇ ಬೇಕೆಂದಿಲ್ಲ. ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್ ಇರುವ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಟಾರ್ಷನ್ ಯಂತ್ರ ಒಂದಿರುತ್ತದೆ. ವರ್ಷಕ್ಕೊಮ್ಮೆ ಅದರಲ್ಲಿ ಮೆದು ಉಕ್ಕಿನ ಒಂದು ಕಡ್ಡಿ ತಿರುಚಿ, ರೀಡಿಂಗ್ ಬರೆದು, ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಿಕೊಂಡು ಬರುತ್ತೇವೆ. ಮೆದು ಉಕ್ಕು ಅಡ್ಡಲಾಗಿ ಚಪ್ಪಟೆಯಾಗಿ ತುಂಡಾಗುತ್ತದೆ, ಪೆಡಸು ವಸ್ತು 45 ಡಿಗ್ರಿ ಸುರುಳಿಯಲ್ಲಿ. ನಂಬಿಕೆ ಇಲ್ಲದಿದ್ದರೆ ಒಂದು ಚಾಕ್‌ಪೀಸ್ ತಿರುಚಿ ಮುರಿದು ನೋಡಿ. ಇಷ್ಟು ಗೊತ್ತಿದ್ದವರು ಒಂದು ಮುರಿದ ಆಕ್ಸಲ್ ಕೈಗೆತ್ತಿಕೊಂಡರೆ ಅದು ಒಂದೇ ಹೊಡೆತಕ್ಕೆ ಹೋಯಿತೋ, ದಣಿದು ಹೋಯಿತೋ, ಹದ ತಪ್ಪಿತ್ತೋ ಎಂದು ಮೊದಲ ಅಂದಾಜು ಹೇಳಬಹುದು. ಟ್ರ್ಯಾಕ್ಟರ್, ಜೀಪು, ಟಾಟಾ ಏಸ್‌ಗಳ ತುಂಡಾದ ಶಾಫ್ಟುಗಳು ನಮ್ಮೂರ ಗುಜರಿ ಅಂಗಡಿಗಳಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತವೆ. ಈ ಸಲದ ಪ್ರಾಜೆಕ್ಟಿಗೆ ವಿಷಯ ಸಿಕ್ಕಿಲ್ಲ ಎನ್ನುವ ನಾಲ್ವರು ಒಂದು ಗೋಣಿಚೀಲ ಹಿಡಿದು ಅಲ್ಲಿಗೆ ಹೋಗಿ ಬರಬಹುದು.

– ಬಿ.ಇ. ವಿದ್ಯಾರ್ಥಿ, ನಿಜಲಿಂಗಪ್ಪ ಬಡಾವಣೆ, ದಾವಣಗೆರೆ